ತೂಕ ಇಳಿಸುವ ಡಬ್ಬಿ: ಚಿಲ್ಲರೆ ಅಂಗಡಿಗೆ ದಂಡ ಹಾಕಿದರೆ ಸಾಲದು

‘15 ದಿನದಲ್ಲಿ 10 ಕೆ.ಜಿ. ಇಳಿಕೆ, ಸೈಡ್ ಎಫೆಕ್ಟ್ ಇಲ್ಲ’ ಎಂದು ಔಷಧದ ಡಬ್ಬಿ ಮೇಲೆ ಅಚ್ಚು ಹಾಕಿಸುವುದನ್ನು ನಾವು ಬಡಾಯಿ ಎಂದು ನಕ್ಕು ಬಿಡುತ್ತೇವೆ. ಕಾನೂನು ಅದನ್ನು ಅಪರಾಧ ಎನ್ನುತ್ತದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ. ಆ ಪಟ್ಟಿಯ ಕಾಯಿಲೆ ವಾಸಿ ಮಾಡುತ್ತೇವೆಂದು ಜನರಿಗೆ ಜಾಹೀರಾತು ಕೊಡುವಂತಿಲ್ಲ. ಲೇಬಲ್, ಹೊದಿಕೆ, ಬಾಯಿಮಾತಿನ ಪ್ರಚಾರ, ಎಲ್ಲವೂ ಅಲ್ಲಿ ಜಾಹೀರಾತೇ. ಪ್ರಕಟಿಸುವವರೂ ಹೊಣೆಗಾರರು, ನಮ್ಮ ಪತ್ರಿಕೆಗಳ ಜಾಹೀರಾತು ವಿಭಾಗದವರು ಇದನ್ನೊಮ್ಮೆ ಓದಬೇಕು.

ಇದರಿಂದ ನುಸುಳಲು ಮಾರುವವರು ಹಿಡಿದ ದಾರಿ, ಔಷಧವನ್ನೇ ‘ಆಹಾರ’ ಎನ್ನುವುದು. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಕಂಡರೆ ಸರ್ಕಾರವೇ ಒಪ್ಪಿದೆ ಎಂದು ಜನ ನಂಬುತ್ತಾರೆ. ಅದು ಆಹಾರ ತಯಾರಿಸಲು, ಮಾರಲು ಕೊಟ್ಟ ಲೈಸೆನ್ಸ್. ಬೊಜ್ಜು ಕರಗುತ್ತದೆ ಎಂಬುದಕ್ಕೆ ಸರ್ಟಿಫಿಕೇಟ್ ಅಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲೂ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ.

‘ಇಷ್ಟಪಟ್ಟು ಕೊಂಡವರು, ನಿಮಗೇನು ಕಷ್ಟ?’ ಎನ್ನುವವರಿದ್ದಾರೆ. ಕೊಂಡವರಿಗೆ ಒಳಗೇನಿದೆ ಎಂದು ಗೊತ್ತಿದ್ದರೆ ತಾನೇ ಇಷ್ಟದ ಮಾತು? ಸಿಬುಟ್ರಮೈನ್ ಎಂಬ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ತರುತ್ತದೆಂದು 2011ರಲ್ಲಿ ನಮ್ಮ ದೇಶ ಅದನ್ನು ನಿಷೇಧಿಸಿತು. ‘ಗಿಡಮೂಲಿಕೆ’ ಎಂದು ಮಾರಿದ ಡಬ್ಬಿಗಳಲ್ಲಿ ಅದೇ ಅಡಗಿದೆ ಎಂದು ಅಮೆರಿಕದ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸಿದೆ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗುವ, ಬಿ.ಪಿ. ಇರುವ ಹೆಣ್ಣುಮಗಳು ಸಂಬಳದ ದುಡ್ಡಿನಲ್ಲಿ ಅಂಥದ್ದನ್ನು ಕೊಂಡು ನುಂಗಿದರೆ ಉತ್ತರ ಹೇಳುವವರು ಯಾರು?

ದೂರು ಕೊಡಲು ವ್ಯವಸ್ಥೆ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ 2 ತಿಂಗಳ ಗಡುವು ಕೊಟ್ಟಿತ್ತು. ಮಧುರೆಯವರು ಆಹಾರವೆಂದರೆ ಒಬ್ಬ ಅಧಿಕಾರಿ, ಔಷಧವೆಂದರೆ ಇನ್ನೊಬ್ಬರು, ಆಯುರ್ವೇದವೆಂದರೆ ಆಯುಷ್ ಎಂದು ಅಲೆಯಬೇಕೆ? ಡಬ್ಬಿ ಯಾವ ಇಲಾಖೆಗೆ ಸೇರಿದ್ದೆಂದು ಹುಡುಕುವುದು ಸರ್ಕಾರದ ಕೆಲಸ, ಜನರದ್ದಲ್ಲ.

ನಾವು ಕೇಳುವುದು ಮೂರೇ. ನಾಡಕಚೇರಿಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ದೂರಿನ ನಂಬರ್ ಬರೆದ ಬೋರ್ಡ್ ಹಾಕಿ. ಡಬ್ಬಿಗಳನ್ನು ಲ್ಯಾಬಿಗೆ ಕಳಿಸಿ, ರಿಪೋರ್ಟನ್ನು ಕನ್ನಡದಲ್ಲಿ ಪ್ರಕಟಿಸಿ. ಚಿಲ್ಲರೆ ಅಂಗಡಿಯವರ ಹತ್ತಿರ ನಿಲ್ಲದೆ ತಯಾರಿಸಿದವರವರೆಗೂ ಹೋಗಿ. ಓದುಗರಿಗೆ ಒಂದು ಮಾತು: ಬಿಲ್ ಕೇಳಿ ಪಡೆಯಿರಿ, ಬ್ಯಾಚ್ ನಂಬರ್ ಇರುವ ಡಬ್ಬಿ ಬಿಸಾಡಬೇಡಿ. ಕೇಸ್ ನಿಲ್ಲುವುದು ಅದರ ಮೇಲೆ.