ಅರ್ಹತೆಯ ಹೊಸ್ತಿಲು
ವೃದ್ಧಾಪ್ಯ, ಅಸ್ವಸ್ಥತೆ, ನಿರುದ್ಯೋಗಗಳಿಂದ ಬಳಲುವ ಪ್ರಜೆಗೆ ರಾಜ್ಯವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ನೆರವೀಯತಕ್ಕದ್ದೆಂದು ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ಮೊದಲಿನಿಂದಲೂ ನಿರ್ದೇಶಿಸುತ್ತಿದ್ದರೂ, ಕೇಂದ್ರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವು ತಿಂಗಳಿಗೆ 75 ರೂಪಾಯಿಗಳ ವೃದ್ಧಾಪ್ಯ ವೇತನದೊಡನೆ ಅವತರಿಸಿದ್ದು 1995ರ ಆಗಸ್ಟ್ 15ರಂದು. ಅಂದು 65 ಆಗಿದ್ದ ವಯೋಮಿತಿಯು 2011ರಲ್ಲಿ 60ಕ್ಕೆ ಇಳಿಯಿತು, ಸಂತೋಷವೇ. ಆದರೆ ತನ್ನ ಹುಟ್ಟನ್ನು ಬರಗಾಲದಿಂದಲೋ ಕೆರೆಯೊಡೆದ ವರ್ಷದಿಂದಲೋ ಎಣಿಸಬಲ್ಲ ಮುದುಕಿಯೊಬ್ಬಳಿಗೆ, ಆಧಾರ್ ಚೀಟಿಗಾಗಿ ಯಾರೋ ಅಂದಾಜಿನಿಂದ ಬರೆಸಿದ ಜನವರಿ 1 ಎಂಬ ತಾರೀಖೇ ವಿಧಿಲಿಖಿತವಾಗಿ ಪರಿಣಮಿಸಿ, ಬೆನ್ನು ಬಾಗಿ, ಕಣ್ಣಿಗೆ ಪೊರೆ ಬಂದು, ನಾಡಕಚೇರಿಯ ಜಗಲಿಯಲ್ಲಿ ಕೋಲೂರಿ ಕುಳಿತಿದ್ದರೂ ಆಕೆ ಕಾಗದದಲ್ಲಿ ಇನ್ನೂ 57ರ ಪ್ರಾಯದವಳಾಗಿಯೇ ಉಳಿಯುತ್ತಾಳೆ. ವಿಧವಾ ವೇತನದ ಕೇಂದ್ರ ನಿಯಮವಂತೂ ಮತ್ತೂ ವಿಚಿತ್ರವಾದುದು: 30ರಲ್ಲಿ ಪತಿಯನ್ನು ಕಳೆದುಕೊಂಡವಳು 40 ತುಂಬುವವರೆಗೆ ಕಾಯತಕ್ಕದ್ದು (ಹಸಿವಿಗೆ ಈ ತಾಳ್ಮೆಯನ್ನು ಕಲಿಸುವವರು ಯಾರೋ!); ನಮ್ಮ ರಾಜ್ಯವು 18 ತುಂಬಿದ ನಿರ್ಗತಿಕ ವಿಧವೆಗೂ ವೇತನವಿತ್ತು ಈ ಲೋಪವನ್ನು ಸರಿಪಡಿಸಿರುವುದು ಶ್ಲಾಘನೀಯ. ಅಂಗವಿಕಲರ ವೇತನಕ್ಕೆ ಕೇಂದ್ರವು ವಿಧಿಸಿರುವ ಪ್ರಮಾಣ ಶೇಕಡ 80. ಶೇಕಡ 75ರ ಪ್ರಮಾಣಪತ್ರ ಹಿಡಿದು ಬಂದವನು ಬಂದ ದಾರಿಯಲ್ಲೇ ಹಿಂದಿರುಗಬೇಕು. ಅನರ್ಹರನ್ನು ಹೊರಗಿಡುವ ಎಚ್ಚರವು ಆವಶ್ಯಕವೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಇಷ್ಟೆಲ್ಲ ಕಾವಲು ಯಾವ ಭಂಡಾರಕ್ಕೆಂದು ವಿಚಾರಿಸಿದರೆ, 60ರಿಂದ 79ರವರೆಗಿನ ಬಡ ವೃದ್ಧರಿಗೆ ಕೇಂದ್ರವು ಸಲ್ಲಿಸುವ ಪಾಲು, ಹದಿನೈದು ವರ್ಷಗಳಿಗೂ ಮೀರಿ ಕದಲದೆ, ತಿಂಗಳಿಗೆ 200 ರೂಪಾಯಿಗಳಲ್ಲೇ ನಿಂತಿದೆ.