ಮನಸ್ಸಾಕ್ಷಿಯ ಬೆಲೆ ತೆರುವವರು ಯಾರು?

1985ರ ಜುಲೈನಲ್ಲಿ ಕೇರಳದ ಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಬೆಳಿಗ್ಗೆ ಎಲ್ಲರೂ ರಾಷ್ಟ್ರಗೀತೆ ಹಾಡುವಾಗ ಈ ಮೂವರೂ ನೆಟ್ಟಗೆ ನಿಂತಿರುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಅವರು ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಗಡದವರು. ತಮ್ಮ ದೇವರಿಗಲ್ಲದೆ ಬೇರಾವುದಕ್ಕೂ ಇಂಥ ಗೀತೆ ಹಾಡಬಾರದೆಂಬುದು ಅವರ ನಂಬಿಕೆ. ಶಾಸಕರೊಬ್ಬರ ಕಣ್ಣಿಗೆ ಇದು ಬಿತ್ತು. ವಿಧಾನಸಭೆಯಲ್ಲಿ ಪ್ರಸ್ತಾಪವಾಯಿತು, ವಿಚಾರಣೆಯೂ ನಡೆಯಿತು. ಮಕ್ಕಳು ಗೀತೆಗೆ ಅಗೌರವ ತೋರಿಲ್ಲವೆಂದು ವರದಿಯೇ ಹೇಳಿತು. ಆದರೂ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಅವರನ್ನು ಮನೆಗೆ ಕಳಿಸಿದರು.

ಹೈಕೋರ್ಟಿನಲ್ಲಿ ಸೋತ ಮಕ್ಕಳು 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಅವರ ತರ್ಕ ಬಹಳ ಸರಳ. 1971ರ ಕಾಯ್ದೆ ಶಿಕ್ಷಿಸುವುದು ರಾಷ್ಟ್ರಗೀತೆ ಹಾಡುವವರಿಗೆ ಅಡ್ಡಿಪಡಿಸಿದವರನ್ನು. ಹಾಡಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಎಲ್ಲರೂ ಹಾಡಬೇಕೆಂಬ ಇಲಾಖೆಯ ಸುತ್ತೋಲೆಗೆ ಕಾನೂನಿನ ಬಲವಿಲ್ಲ. ಹೀಗಿರುವಾಗ ಸಂವಿಧಾನದ 19 ಮತ್ತು 25ನೇ ವಿಧಿಗಳು ಕೊಟ್ಟದ್ದನ್ನು ಸುತ್ತೋಲೆಯೊಂದು ಕಿತ್ತುಕೊಳ್ಳುವುದು ಹೇಗೆ?

ಈ ತೀರ್ಪು ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ಆ ಮಕ್ಕಳ ಮೌನದಿಂದ ಪಕ್ಕದಲ್ಲಿ ನಿಂತವರಿಗೆ ಏನೂ ಕಡಿಮೆಯಾಗಲಿಲ್ಲ. ಅವರು ಹಾಡಿದರು, ಇವರು ಸುಮ್ಮನಿದ್ದರು. ಕಷ್ಟ ಬಂದಿದ್ದು ಸುಮ್ಮನಿದ್ದವರಿಗೆ ಮಾತ್ರ. ಕಾನೂನು ಮತ್ತು ನಂಬಿಕೆ ಎದುರುಬದುರಾದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಈ ಮನಸ್ಸಾಕ್ಷಿಗೆ ಬೆಲೆ ತೆರುತ್ತಿರುವವರು ಯಾರು?

ಒಬ್ಬೊಬ್ಬರೂ ತಮ್ಮ ನಂಬಿಕೆ ಹಿಡಿದು ಕೂತರೆ ದೇಶ ಉಳಿದೀತೇ ಎಂದು ಕೇಳುವವರಿದ್ದಾರೆ. ಅಮೆರಿಕದ ಸುಪ್ರೀಂ ಕೋರ್ಟೂ 1940ರಲ್ಲಿ ಇದನ್ನೇ ಕೇಳಿತ್ತು. ಧ್ವಜವಂದನೆ ಮಾಡದ ಇದೇ ಪಂಗಡದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ಸರಿಯೆಂದು ಅದು ತೀರ್ಪಿತ್ತ ಮೇಲೆ ಆ ಪಂಗಡದವರ ಮೇಲೆ ಗುಂಪು ಹಲ್ಲೆಗಳು ಹೆಚ್ಚಿದವು. ಮೂರೇ ವರ್ಷದಲ್ಲಿ, ಮಹಾಯುದ್ಧದ ನಡುವೆಯೇ, ಅದೇ ಕೋರ್ಟು ತನ್ನ ತೀರ್ಪನ್ನು ತಾನೇ ತಳ್ಳಿಹಾಕಿತು. ಹೆದರಿಸಿ ಹಾಡಿಸಿದ ಹಾಡಿನಿಂದ ದೇಶ ಗಟ್ಟಿಯಾದದ್ದನ್ನು ನಾನಂತೂ ಎಲ್ಲೂ ಓದಿಲ್ಲ.

ಬೈಬಲ್ಲಿನಲ್ಲಿ ಎರಡೂ ದನಿಗಳಿವೆ. ಆಳುವವರಿಗೆ ಅಧೀನರಾಗಿರಿ ಎಂದು ಪೌಲ ರೋಮಿನವರಿಗೆ ಬರೆದ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರ ಹಿರಿಯರ ಸಭೆಯ ಮುಂದೆ ನಿಂತು ಹೇಳಿದ. ಇವೆರಡನ್ನೂ ಕೂಡಿಸುವ ಎಳೆ ಪೇತ್ರನ ಕಥೆಯ ಮುಂದಿನ ಭಾಗದಲ್ಲಿದೆ. ಸಭೆ ಅವನಿಗೂ ಜೊತೆಯವರಿಗೂ ಏಟು ಹೊಡೆಸಿತು, ಅವರು ಆ ಏಟು ತಿಂದರು. ಆಜ್ಞೆಯನ್ನು ಮೀರಿದರು, ಅದರ ಶಿಕ್ಷೆಯಿಂದ ತಲೆಮರೆಸಿಕೊಳ್ಳಲಿಲ್ಲ.

ಆಸ್ಟ್ರಿಯಾದ ರೈತ ಫ್ರಾಂಜ್ ಯೆಗರ್‌ಸ್ಟೆಟರ್ ನಡೆದದ್ದೂ ಇದೇ ದಾರಿಯಲ್ಲಿ. ಹಿಟ್ಲರನ ಸೈನ್ಯದಲ್ಲಿ ಆಯುಧ ಹಿಡಿಯಲಾರೆ, ಬೇಕಾದರೆ ಗಾಯಾಳುಗಳ ಸೇವೆ ಮಾಡುತ್ತೇನೆ ಎಂದರು. ಮನೆಯಲ್ಲಿ ಹೆಂಡತಿ, ಮೂವರು ಪುಟ್ಟ ಹೆಣ್ಣುಮಕ್ಕಳು. ಸಂಸಾರದ ಮುಖ ನೋಡಿ ಎಂದು ಬಿಷಪ್ಪರೇ ಬುದ್ಧಿ ಹೇಳಿದರು. 1943ರ ಆಗಸ್ಟ್ 9ರಂದು ಅವರ ತಲೆ ಕಡಿಯಲಾಯಿತು. 2007ರಲ್ಲಿ ಅದೇ ಚರ್ಚು ಅವರನ್ನು ಪುನೀತರೆಂದು ಘೋಷಿಸಿತು. ಅವರ ನಿರ್ಧಾರದ ಭಾರ ಆ ಹೆಂಡತಿ ಮಕ್ಕಳ ಮೇಲೂ ಬಿತ್ತೆಂಬುದನ್ನು ನಾನು ಮರೆಯಲಾರೆ. ನನ್ನ ಪ್ರಶ್ನೆಗೆ ಇಲ್ಲಿ ಸಲೀಸಾದ ಉತ್ತರವಿಲ್ಲ.

2015ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಕೌಂಟಿ ಗುಮಾಸ್ತೆ ಕಿಮ್ ಡೇವಿಸ್ ಸಲಿಂಗಿ ಜೋಡಿಗಳಿಗೆ ಮದುವೆ ಪರವಾನಗಿ ಕೊಡಲೊಪ್ಪದೆ ಐದು ದಿನ ಜೈಲಿನಲ್ಲಿದ್ದರು. ಅವರ ನಂಬಿಕೆ ಪ್ರಾಮಾಣಿಕವೆಂದೇ ಇಟ್ಟುಕೊಳ್ಳೋಣ. ಆದರೆ ಅವರು ತಮ್ಮ ಕೈಕೆಳಗಿನವರೂ ಕೊಡದಂತೆ ತಡೆದರು. ಕಾನೂನು ಕೊಟ್ಟದ್ದನ್ನು ಕೇಳಿಬಂದವರು ಕೌಂಟರಿನಿಂದ ಬರಿಗೈಯಲ್ಲಿ ವಾಪಸಾದರು. ಇಲ್ಲಿ ಬೆಲೆ ತೆತ್ತವರು ಅವರು. ಪರವಾನಗಿಯಲ್ಲಿ ಗುಮಾಸ್ತೆಯ ಹೆಸರೇ ಬೇಡವೆಂದು ಮರುವರ್ಷ ರಾಜ್ಯ ಕಾನೂನು ಮಾಡಿತು. ಗುಮಾಸ್ತೆಯ ಮನಸ್ಸಿಗೂ ನೆಮ್ಮದಿ, ಜೋಡಿಗಳಿಗೂ ಪರವಾನಗಿ. ಇಷ್ಟು ಚಿಕ್ಕ ತಿದ್ದುಪಡಿ ಮೊದಲೇ ಆಗಬಹುದಿತ್ತು.

ನಂಬಿಕೆಯೇ ಕಾನೂನಾಗಿ ಕೂತಾಗ ಏನಾಗುತ್ತದೆಂಬುದು ಬೆಳಗಾವಿಗೆ ಗೊತ್ತು. ಆ ಊರಿನ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆ ಸೇರಿದಾಗ ಹದಿನೇಳು ವಾರದ ಬಸುರಿ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರಿಗೆ ಗೊತ್ತಿತ್ತು. ತೆಗೆಯಿರಿ ಎಂದು ಆಕೆ ಕೇಳಿದರೆ, ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ತಡೆದರು. ಇದು ಕ್ಯಾಥೊಲಿಕ್ ದೇಶವೆಂಬ ಮಾತೂ ಆಕೆಯ ಕಿವಿಗೆ ಬಿತ್ತು. ಸವಿತಾ ಹಿಂದೂ. ಸೋಂಕು ರಕ್ತಕ್ಕೇರಿದ್ದನ್ನು ಆಸ್ಪತ್ರೆ ತಡವಾಗಿ ಗುರುತಿಸಿತೆಂಬುದೂ ನಿಜ. ಅಕ್ಟೋಬರ್ 28ರಂದು ಆಕೆ ತೀರಿಕೊಂಡರು, ವಯಸ್ಸು 31. ತನ್ನದಲ್ಲದ ನಂಬಿಕೆಗೆ ಹೆಣ್ಣೊಬ್ಬಳು ಜೀವ ತೆತ್ತಳೆಂಬುದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಗರ್ಭಪಾತ ಕುರಿತ 2018ರ ಜನಮತದ ಬಳಿಕ ಐರ್ಲೆಂಡ್ ತಂದ ಕಾಯ್ದೆ ವೈದ್ಯರ ಮನಸ್ಸಾಕ್ಷಿಯನ್ನೂ ಕಡೆಗಣಿಸಲಿಲ್ಲ. ಒಲ್ಲದ ವೈದ್ಯರು ಗರ್ಭಪಾತ ಮಾಡಬೇಕಿಲ್ಲ. ಆದರೆ ಗರ್ಭಿಣಿಯನ್ನು ತಡಮಾಡದೆ ಬೇರೊಬ್ಬ ವೈದ್ಯರ ಕೈಗೆ ಒಪ್ಪಿಸಬೇಕು, ಜೀವಕ್ಕೆ ತುರ್ತು ಅಪಾಯವಿದ್ದರೆ ಒಲ್ಲೆ ಎನ್ನುವಂತಿಲ್ಲ. ಹಾಗೆ ಒಪ್ಪಿಸುವುದೂ ಪಾಪದಲ್ಲಿ ಪಾಲುಗೊಂಡಂತೆ ಎಂದು ನೊಂದುಕೊಳ್ಳುವ ವೈದ್ಯರಿದ್ದಾರೆ. ಆ ನೋವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೂ ಅವರಿಗೆ ವೈದ್ಯಕೀಯದ ಬೇರೆ ವಿಭಾಗಗಳ ಬಾಗಿಲು ತೆರೆದಿದೆ. ನಡುರಾತ್ರಿ ಹೆರಿಗೆ ವಾರ್ಡಿನಲ್ಲಿ ಜ್ವರ ಏರುತ್ತಿರುವವಳಿಗೆ ಎದುರಿಗಿರುವುದು ಆ ಒಬ್ಬ ವೈದ್ಯರೇ.