ಜಪ್ತಿ ನೋಟೀಸಿಗೆ ಸಮಾಧಾನದ ಔಷಧವೆ?



ಕಳೆದ ಹಿಂಗಾರಿಯಲ್ಲಿ ನವಲಗುಂದ ತಾಲೂಕಿನ ನಮ್ಮೂರಿಗೆ ಧಾರವಾಡದಿಂದ ಒಬ್ಬ ವಿದ್ಯಾರ್ಥಿನಿ ಬಂದಳು. ಸಮಾಜಕಾರ್ಯ ಓದುವವಳು. ವಾರಕ್ಕೆ ಎರಡು ದಿವಸ ಹಳ್ಳಿ ತಿರುಗುವುದು ಅವಳ ಪಾಠದೊಳಗೇ ಸೇರಿದೆ. ಕೈಯಾಗೊಂದು ಪ್ರಶ್ನೆಪಟ್ಟಿ: ನಿದ್ದಿ ಬರತೈತೇನ್ರಿ? ಊಟ ಸೇರತೈತೇನ್ರಿ? ಬದುಕು ಬ್ಯಾಸರ ಅನಸೈತೇನ್ರಿ? ಕಟ್ಟೆಯ ಮೇಲೆ ಕುಂತವನೊಬ್ಬ ಅಂದ: “ಹೆಸರಿಗೆ ಒಂದು ರೇಟು ಕೊಡಸವಾ, ನಿದ್ದಿ ತಾನ ಬರತೈತಿ.” ಎಲ್ಲರೂ ನಕ್ಕೆವು. ನಾನೂ ನಕ್ಕೆ.

ನಗುವುದಕ್ಕೆ ಕಾರಣವಿತ್ತು. 2002 ರಲ್ಲಿ ವೀರೇಶ ಸಮಿತಿ ರೈತರ ಆತ್ಮಹತ್ಯೆಯ ವಿಚಾರಣೆ ಮಾಡಿ, ಸಾಲದ ಜೊತೆಗೆ ಕುಡಿತ, ಸಂಸಾರದ ಜಗಳಗಳನ್ನೂ ದೊಡ್ಡ ಕಾರಣಗಳೆಂದು ಬರೆಯಿತು. ಸರಕಾರಕ್ಕೆ ಇದಕ್ಕಿಂತ ಸಿಹಿಸುದ್ದಿ ಬೇಕೆ? ತಪ್ಪು ಬೆಲೆಯದ್ದಲ್ಲ, ರೈತನ ತಲೆಯದ್ದು! 2022 ರ ಒಂದೇ ವರ್ಷ ದೇಶದಲ್ಲಿ ಕೃಷಿ ನಂಬಿದ 11,290 ಜನ ಜೀವ ಕಳೆದುಕೊಂಡರು, ಅದರಲ್ಲಿ ಕರ್ನಾಟಕದವರು 2,392. ಇದು ಸರಕಾರದ್ದೇ ಲೆಕ್ಕ. ಇಷ್ಟೂ ಮಂದಿಗೆ ಕೂಡಿಯೇ ತಲೆ ಕೆಟ್ಟಿತೆ, ಸ್ವಾಮಿ? ಹೆಸರು ಅಡತಿ ಅಂಗಡಿ ಸೇರಿದ ಮೇಲೆ ಖರೀದಿ ಕೇಂದ್ರ ತೆರೆಯುವವರ ತಲೆಯನ್ನು ಯಾವ ಡಾಕ್ಟರು ಪರೀಕ್ಷೆ ಮಾಡಿದ್ದಾನೆ?

1980 ರ ಜುಲೈ 21 ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭೆಯ ರೈತ ಬೆಟರ್‌ಮೆಂಟ್ ಲೆವ್ಹಿ ಕೊಡಲಾರೆನೆಂದು ಎದ್ದು ನಿಂತಾಗ ಅವನ ಮನಸ್ಸಿನ ಸ್ಥಿತಿ ಕೇಳಲು ಯಾರೂ ಬರಲಿಲ್ಲ. ಪೋಲೀಸರು ಬಂದರು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಅಗಸಿಯಲ್ಲಿ ಬೋರ್ಡು ಹಾಕಿದ ಚಳವಳಿ ನಮ್ಮದು. ಈ ಹುಡುಗಿಗೂ ಅದೇ ಬೋರ್ಡು ತೋರಿಸಬೇಕೆಂದು ನಮ್ಮಲ್ಲಿ ಕೆಲವರು ಅಂದರು.

ಇಲ್ಲಿಗೇ ಬರೆಯುವುದು ನಿಲ್ಲಿಸಿದರೆ ನಾನು ಅರ್ಧ ಸುಳ್ಳು ಹೇಳಿದಂತೆ.

ನಮ್ಮ ಓಣಿಯಲ್ಲಿ ಒಬ್ಬ ಹತ್ತೆಕರೆಯ ರೈತ. ಬ್ಯಾಂಕಿನ ನೋಟೀಸು ಬಂದಂದಿನಿಂದ ಕಟ್ಟೆಗೆ ಬರುವುದು ಬಿಟ್ಟ. ‘ಸೊಕ್ಕು ಬಂದೈತಿ’ ಅಂದೆವು, ‘ಕುಡ್ಯಾಕ ಹತ್ಯಾನ’ ಅಂದೆವು. ವೀರೇಶ ಸಮಿತಿಯನ್ನು ಬೈದ ಬಾಯಿಂದಲೇ ಅಂದೆವು! ಮನೆಯೊಳಗೆ ಹೋದವಳು ಆ ಹುಡುಗಿ. ಮೂರನೆಯ ಸಲ ಹೋದಾಗ ಅವನ ಹೆಂಡತಿ ಬಾಯಿ ಬಿಟ್ಟಳು: ತಿಂಗಳಾತು ನಿದ್ದಿಲ್ಲ, ರಾತ್ರಿ ಹೊಲದ ಗುಡಿಸಲದಾಗ ಒಬ್ಬನ ಕುಂದರತಾನ. ಹುಡುಗಿ ಉಪದೇಶ ಮಾಡಲಿಲ್ಲ. ಬೆಳೆಗೆ ಹೊಡೆಯುವ ಎಣ್ಣಿ ಡಬ್ಬಿಗಳನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿದಳು. ಗಂಡ ಹೆಂಡತಿಯನ್ನು ಬಸ್ಸು ಹತ್ತಿಸಿ ಡಿಮ್ಹಾನ್ಸಿಗೆ ಕರೆದೊಯ್ದಳು. ಬ್ರಿಟಿಷರ ಕಾಲದಿಂದ ಇರುವ ಆಸ್ಪತ್ರೆ ಅದು. ಅದರ ಹೆಸರು ಹೇಳಿಯೇ ನಾವು ಒಬ್ಬರನ್ನೊಬ್ಬರು ಹಂಗಿಸುತ್ತೇವೆ, ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು. ಆ ಮಾತಿಗೆ ಅಂಜಿಯೇ ಎಷ್ಟು ಜನ ಗುಳಿಗೆಯಿಲ್ಲದೆ ಕೂತಿದ್ದಾರೋ.

ಗುಳಿಗೆಯಿಂದ ನಿದ್ದೆ ಬಂತು. ನೋಟೀಸು ಇದ್ದಲ್ಲೇ ಇತ್ತು. ಅದನ್ನು ಓದಲು ಹುಡುಗಿಗೆ ಬರಲಿಲ್ಲ, ನನಗೆ ಬರುತ್ತಿತ್ತು. ಪಾಸಬುಕ್ಕು ತೆಗೆದು ನೋಡಿದರೆ ಬೆಳೆವಿಮೆಯ ರೊಕ್ಕ ಅವನನ್ನು ಕೇಳದೆ ಸಾಲದ ಖಾತೆಗೆ ಜಮಾ ಆಗಿದೆ! ಐದಾರು ಜನ ಕೂಡಿ ಮ್ಯಾನೇಜರನ ಮುಂದೆ ಕೂತೆವು, ಮುದ್ದತು ಸಿಕ್ಕಿತು. ಈಗ ಆತ ಕಟ್ಟೆಗೆ ಬರುತ್ತಾನೆ. ಸಾಲ ತೀರಿಲ್ಲ.

ಅಷ್ಟರಲ್ಲಿ ಪರೀಕ್ಷೆ ಬಂತು, ಹುಡುಗಿ ಹೋದಳು. ಔಷಧ ಬಿಟ್ಟಾನೋ ತಗೊಂಡಾನೋ ಕೇಳುವವರಿಲ್ಲ. ನನ್ನ ಸಿಟ್ಟು ಇಲ್ಲಿದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನೋರೋಗಕ್ಕೆ ಔಷಧ ಕೊಡಬಹುದೆಂದು 1980 ರ ದಶಕದಲ್ಲಿ ನಿಮ್ಹಾನ್ಸಿನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. 1996 ರಲ್ಲಿ ದೇಶವೇ ಅದನ್ನು ಜಿಲ್ಲಾ ಕಾರ್ಯಕ್ರಮ ಎಂದು ಎತ್ತಿಕೊಂಡಿತು. 2017 ರ ಕಾಯದೆ, ಜೀವ ಕಳೆದುಕೊಳ್ಳಲು ಹೋದವನು ತೀವ್ರ ಒತ್ತಡದಲ್ಲಿದ್ದವನೆಂದು ತಿಳಿಯಬೇಕು, ಶಿಕ್ಷೆಯಲ್ಲ, ಆರೈಕೆ ಕೊಡಬೇಕೆಂದು ಸರಕಾರಕ್ಕೇ ಹೊಣೆ ಹೊರಿಸಿತು. ಇಷ್ಟಾದ ಮೇಲೂ ನಮ್ಮೂರಿಗೆ ಬಂದದ್ದು ಸಂಬಳವಿಲ್ಲದ, ಮಾರ್ಕಿಗಾಗಿ ತಿರುಗುವ ಒಂದು ಹುಡುಗಿ! ನಮ್ಮ ಆರೋಗ್ಯ ಕೇಂದ್ರಕ್ಕೆ ಈ ಕೆಲಸದ್ದೇ ಕಾಯಂ ಹುದ್ದೆ ಬೇಕು. ಕಾಲೇಜಿನವರು ಮಕ್ಕಳಿಗೆ ಪ್ರಶ್ನೆಪಟ್ಟಿಯ ಜೊತೆ ಪಹಣಿ, ನೋಟೀಸು, ವಿಮೆಯ ಕಾಗದ ಓದುವುದನ್ನೂ ಕಲಿಸಬೇಕು. ಒಂದು ತಂಡ ಹೋಗುವ ಮೊದಲು ಇನ್ನೊಂದು ತಂಡ ಅದೇ ಊರಿಗೆ ಬರಬೇಕು.

ನಮಗೂ ಒಂದು ಮಾತು. ಹೆಂಡತಿಯ ಹೆಸರಿನಲ್ಲಿ ಗುಂಪಿನ ಸಾಲ ಎತ್ತಿಸಿ ಬೀಜ-ಗೊಬ್ಬರಕ್ಕೆ ಹಾಕುತ್ತೇವೆ, ವಾರದ ಕಂತಿನವ ಬಂದಾಗ ಹಿತ್ತಲ ಬಾಗಿಲಿಂದ ಹೊಲಕ್ಕೆ ಹೋಗುತ್ತೇವೆ. ಬಾಗಿಲಲ್ಲಿ ನಿಂತು ಬೈಸಿಕೊಳ್ಳುವವಳು ಅವಳು. ಈ ಕಿರುಕುಳದ ವಿರುದ್ಧ 2025 ರಲ್ಲಿ ರಾಜ್ಯದಲ್ಲಿ ಕಾನೂನೇ ಬಂದಿದೆ. ಅವಳ ನಿದ್ದೆಯನ್ನು ನಮ್ಮಲ್ಲಿ ಯಾವ ಗಂಡಸು ಕೇಳಿದ್ದಾನೆ?

ಮುಂಗಾರಿಗೆ ಹೊಸ ವಿದ್ಯಾರ್ಥಿಗಳು ಬರುತ್ತಾರಂತೆ. ಅವರು ಬಂದ ದಿನ ನಮ್ಮ ಸಂಘದ ಇಬ್ಬರು ಅವರ ಜೊತೆ ಮನೆಮನೆಗೆ ಹೋಗುವುದೆಂದು ಮಾಡಿದ್ದೇವೆ. ನೋಟೀಸು ಬಂದವರು ಮುಚ್ಚಿಡದೆ ಪಾಸಬುಕ್ಕಿನ ಸಮೇತ ತೆಗೆದಿಡಿರಿ. ಅಲ್ಲಿಯತನಕ ರಾತ್ರಿ ಹಗಲು ಯಾವಾಗ ಬೇಕಾದರೂ 14416 ಕ್ಕೆ ಫೋನು ಮಾಡಬಹುದು, ರೊಕ್ಕ ಬೀಳುವುದಿಲ್ಲ, ಕನ್ನಡದಾಗ ಮಾತಾಡತಾರ.